ಹದಿಮೂರು ಬೆರಳಿನ ಕೋಲು

ನಮ್ಮ ಮಾವನಿಗೂ ನನಗೂ ಹನ್ನೊಂದು ವರ್ಷಗಳಲ್ಲಿ ನಡೆದದ್ದು ಒಂದೇ ಜಗಳ. ಬೇರೆ ಮನೆಗಳಲ್ಲಿ ಮಾವ-ಸೊಸೆಗೆ ಮುನಿಸು ಬರಲು ನೂರೆಂಟು ಕಾರಣಗಳಿರುತ್ತವಂತೆ. ನಮ್ಮಲ್ಲಿ ಇದ್ದದ್ದು ಗಾಡಿಯ ಮುಂದಿನ ಎರಡು ಚಕ್ರ ಮಾತ್ರ. ಆ ಎರಡು ಚಕ್ರಗಳ ನಡುವೆ ಏನಿರಬೇಕು ಎಂಬ ವಿಷಯಕ್ಕೆ ನಾವು ಊಟದ ಮುಂದೆ, ಟೀ ಮುಂದೆ, ಕೊನೆಗೆ ನನಗೆ ಹೆರಿಗೆ ನೋವು ಶುರುವಾಗಿ ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ವಾದ ಮಾಡಿದ್ದೇವೆ. ಆ ದಿನ ನಮ್ಮತ್ತೆ ಹಿಂದಿನ ಸೀಟಿನಿಂದ, "ಮೊದಲು ಮಗು ಹೆರಲಿ, ಆಮೇಲೆ ಅಚ್ಚು ವಿಚಾರ ತೆಗೀರಿ" ಎಂದು ಗದರಿದ್ದರು.

ಮಾವ ಆರೋಗ್ಯ ಕೇಂದ್ರದ ಜೀಪಿನ ಡ್ರೈವರು. ವಾರದ ಉಳಿದ ದಿನ ಊರೊಳಗಿನ ಓಡಾಟ, ಗುರುವಾರ ಮಾತ್ರ ಬೆಟ್ಟದ ಮೇಲಿನ ಊರಿಗೆ. ಜೀಪಿನೊಳಗೆ ನರ್ಸಮ್ಮ, ಔಷಧಿ ಪೆಟ್ಟಿಗೆಗಳು, ತೂಕದ ಯಂತ್ರ, ಲಸಿಕೆಯ ತಣ್ಣನೆ ಡಬ್ಬಿ, ಜೊತೆಗೆ ಕೆಳಗಿನ ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಹೊರಟ ಒಂದಿಬ್ಬರು. ಒಂಬತ್ತು ಕಿಲೋಮೀಟರಿಗೆ ಒಂದೂವರೆ ಗಂಟೆ ಬೇಕು. ಅದನ್ನು ದಾರಿ ಅನ್ನುವುದು ನಮ್ಮ ದೊಡ್ಡ ಮನಸ್ಸು. ನೀರು ಹರಿದು ಬಿಟ್ಟುಹೋದ ಕಲ್ಲುಗಳ ಸಾಲು ಅದು, ಅಷ್ಟೆ. ನಡೆದು ಬರುವುದಾದರೆ ಮೂರು ಗಂಟೆ.

ಮೇಲಿನ ಊರಿನವರಿಗೆ ಮಾವನ ಹೆಸರು ಗೊತ್ತಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ 'ಗುರುವಾರದಣ್ಣ' ಎಂದೇ ಕರೆಯುತ್ತಾರೆ. ಇಪ್ಪತ್ತಾರು ವರ್ಷಗಳಲ್ಲಿ ಒಂದು ಗುರುವಾರವನ್ನೂ ತಪ್ಪಿಸಿಲ್ಲ ಎನ್ನುವುದು ಅವರಿಗಿರುವ ಒಂದೇ ಜಂಬ. ನಮ್ಮ ಮದುವೆಗೆ ದಿನ ಗೊತ್ತು ಮಾಡುವಾಗ, ಗುರುವಾರವೊಂದು ಬಿಟ್ಟು ಯಾವ ದಿನವಾದರೂ ಆದೀತು ಎಂದಿದ್ದರು. ಜ್ವರ ಬಂದರೂ ಮಂಗಳವಾರ ಬಂದು ಬುಧವಾರ ಬಿಡಬೇಕು. ಅವರ ಮೈಯೂ ಆ ಲೆಕ್ಕಕ್ಕೆ ಒಗ್ಗಿಹೋಗಿತ್ತು.

ಇನ್ನು ನಾನು. ನನ್ನದು ಚಕ್ರ ಅಲೈನ್‌ಮೆಂಟ್ ಅಂಗಡಿ, ನನ್ನಪ್ಪ ಕಲಿಸಿಕೊಟ್ಟ ಕೆಲಸ. ಮಾವ ಮೊದಲ ಸಲ ಅಂಗಡಿಗೆ ಬಂದಾಗ ನನಗೆ ಇಪ್ಪತ್ತಾರು ವರ್ಷ. ಜೀಪಿನ ಕೆಳಗೆ ಬಗ್ಗಿ ನೋಡಿ ನಕ್ಕುಬಿಟ್ಟೆ. ಇದರಲ್ಲಿ ನಾನು ಸರಿ ಮಾಡಲು ಏನೂ ಇಲ್ಲ, ಎತ್ತಿನ ಗಾಡಿಗೆ ಹಾಕುವಂಥ ಒಂಟಿ ಅಚ್ಚು ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ಅದು ಕೆಡುವುದೂ ಇಲ್ಲ, ಅದಕ್ಕೇ ಬರೀ ಗಾಳಿ ತುಂಬಿಸಿಕೊಂಡು ಹೋಗಲು ಬಂದೆ ಎಂದರು. ಮನೆಗೆ ಹೋಗಿ, ಚಕ್ರದಂಗಡಿಯ ಹುಡುಗಿಗೆ ಬಾಯಿ ಜೋರು, ಕೈ ಇನ್ನೂ ಜೋರು ಎಂದು ಹೊಗಳಿದರಂತೆ. ಆರು ತಿಂಗಳಲ್ಲಿ ನಾನು ಅವರ ಮನೆಯ ಸೊಸೆ. ಅವರ ಮಗ ದರ್ಜಿ. ಗಾಡಿಗೂ ಅವರಿಗೂ ಸಂಬಂಧವಿಲ್ಲ. ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುವ ಮನುಷ್ಯ.

ಜಗಳದ ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾವನ ಜೀಪಿನಲ್ಲಿ ಮುಂದಿನ ಎರಡು ಚಕ್ರಗಳನ್ನೂ ಒಂದೇ ಕಬ್ಬಿಣದ ಅಚ್ಚು ಹಿಡಿದುಕೊಂಡಿರುತ್ತದೆ. ಒಂದು ಚಕ್ರ ಕಲ್ಲು ಹತ್ತಿದರೆ ಅಚ್ಚು ಪೂರ್ತಿ ವಾಲುತ್ತದೆ, ಇನ್ನೊಂದು ಚಕ್ರವೂ ಗಾಡಿಯೂ ಒಳಗೆ ಕೂತವರೂ ಜೊತೆಗೆ ವಾಲುತ್ತಾರೆ. ಈಚಿನ ಗಾಡಿಗಳಲ್ಲಿ ಹಾಗಲ್ಲ. ಒಂದೊಂದು ಚಕ್ರಕ್ಕೂ ಅದರದೇ ತೋಳು, ಅದರದೇ ಸ್ಪ್ರಿಂಗು. ಎಡಗಡೆಯದು ಎದ್ದರೆ ಬಲಗಡೆಯದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಮಾವ ಅವುಗಳನ್ನು 'ಬೇರೆ ಮನೆ ಮಾಡಿದ ಚಕ್ರಗಳು' ಎನ್ನುತ್ತಿದ್ದರು. ತಮ್ಮದು ಒಟ್ಟು ಕುಟುಂಬ. ಕಿತ್ತಾಟ ಇರುತ್ತದೆ, ಕುಲುಕಾಟ ಇರುತ್ತದೆ, ಆದರೆ ಮುರಿಯುವುದಿಲ್ಲ ಎಂಬುದು ಅವರ ವಾದ. ಬೇರೆ ಮನೆ ಮಾಡಿದವರೂ ಸುಖವಾಗಿರುತ್ತಾರೆ, ಸೊಂಟ ನೋವಿಲ್ಲದೆ ಇರುತ್ತಾರೆ ಎಂಬುದು ನನ್ನ ವಾದ. ಅತ್ತೆಗೆ ಇದರಲ್ಲಿ ಬೇರೆಯದೇ ವಾಸನೆ ಬಡಿದು, "ನೀನೇನಾದರೂ ಬೇರೆ ಮನೆ ನೋಡ್ತಿದ್ದೀಯೇನಮ್ಮ?" ಎಂದು ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು ಕೇಳಿಯೂ ಬಿಟ್ಟಿದ್ದರು.

ಮಾವನ ಹತ್ತಿರ ಒಂದು ಕೋಲಿತ್ತು. ಗಟ್ಟಿ ಮರದ್ದು, ಕೈ ಸವೆದು ನುಣುಪಾಗಿದ್ದದ್ದು, ಸೀಟಿನ ಕೆಳಗೆ ಅದರ ಜಾಗ. ಜೀಪಿನ ಅಚ್ಚಿನಲ್ಲಿ ಹಲ್ಲುಚಕ್ರಗಳನ್ನು ತುಂಬಿದ ಒಂದು ಬುರುಡೆ ಇರುತ್ತದೆ. ಮುಂಭಾಗದಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಅದೇ. ಬೆರಳಿನ ಅಗಲದ ಲೆಕ್ಕದಲ್ಲಿ, ನೆಲದಿಂದ ಆ ಬುರುಡೆಯ ತಳಕ್ಕೆ ಹನ್ನೊಂದು ಬೆರಳು ಎತ್ತರ. ಕೋಲಿನ ಉದ್ದವೂ ಹನ್ನೊಂದು ಬೆರಳು. ದಾರಿಯಲ್ಲಿ ಅನುಮಾನದ ಕಲ್ಲು ಸಿಕ್ಕರೆ ಮಾವ ಇಳಿದು ಹೋಗಿ ಪಕ್ಕದಲ್ಲಿ ಕೋಲು ನಿಲ್ಲಿಸುತ್ತಿದ್ದರು. ಕಲ್ಲು ಕೋಲಿಗಿಂತ ಗಿಡ್ಡವಾದರೆ ಚಕ್ರಗಳ ನಡುವೆ ಬಿಟ್ಟುಕೊಂಡು ನೇರ ಹೋಗುವುದು. ಎತ್ತರವಾದರೆ ಅದರ ಬೆನ್ನ ಮೇಲೇ ಒಂದು ಚಕ್ರ ಹತ್ತಿಸುವುದು. ಆ ಕೋಲನ್ನು ಅವರು ಕೆಲಸಕ್ಕೆ ಸೇರಿದ ವಾರ ಕತ್ತರಿಸಿದ್ದು. ಮತ್ತೆ ಬದಲಿಸುವ ಅಗತ್ಯ ಬೀಳಲೇ ಇಲ್ಲ. ಯಾಕೆಂದರೆ ಜೀಪಿನಲ್ಲಿ ಹತ್ತು ಜನ ಕೂತರೆ ಸ್ಪ್ರಿಂಗ್ ಪಟ್ಟಿ ಬಗ್ಗುತ್ತದೆ, ಮೈ ತಗ್ಗುತ್ತದೆ, ಅಚ್ಚು ಮಾತ್ರ ಚಕ್ರಗಳ ಜೊತೆ ತನ್ನ ಎತ್ತರದಲ್ಲೇ ಇರುತ್ತದೆ. ಖಾಲಿಯಿದ್ದರೂ ಹನ್ನೊಂದೇ, ತುಂಬಿದ್ದರೂ ಹನ್ನೊಂದೇ.

ಏಳನೇ ಕಿಲೋಮೀಟರಿನಲ್ಲಿ ಗೂನಜ್ಜ ಇದ್ದಾನೆ. ಅದು ಡ್ರೈವರುಗಳು ಇಟ್ಟ ಹೆಸರು. ನಿಜದಲ್ಲಿ ಒಂದು ಗೂನುಬೆನ್ನಿನ ಬಂಡೆ. ಹತ್ತುತ್ತಾ ಬಂದ ದಾರಿ ಅಲ್ಲೊಮ್ಮೆ ದೊಡ್ಡ ಮೆಟ್ಟಿಲಿನಷ್ಟು ಕೆಳಕ್ಕೆ ಧುಮುಕುತ್ತದೆ, ಧುಮುಕಿದ ಜಾಗದಲ್ಲೇ ನಟ್ಟನಡುವೆ ಈ ಅಜ್ಜ ಕವುಚಿಕೊಂಡು ಮಲಗಿದ್ದಾನೆ. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಕೊರಕಲು, ಸುತ್ತಿಕೊಂಡು ಹೋಗುವ ಮಾತೇ ಇಲ್ಲ. ಅಜ್ಜನ ಎತ್ತರ ಹನ್ನೆರಡು ಬೆರಳು. ಒಂದೇ ಒಂದು ಬೆರಳು ಹೆಚ್ಚು. ಹಾಗಾಗಿ ಇಪ್ಪತ್ತಾರು ವರ್ಷವೂ ಮಾವ ಎಡಚಕ್ರವನ್ನು ಅಜ್ಜನ ಬೆನ್ನಿಗೆ ಹತ್ತಿಸಿಯೇ ದಾಟಿದ್ದು, ಇಪ್ಪತ್ತಾರು ವರ್ಷವೂ ನರ್ಸಮ್ಮ ಬಲಗಡೆಯ ಬಾಗಿಲಿಗೆ ಭುಜ ಬಡಿಸಿಕೊಂಡದ್ದು. ಈಚೆಗೆ ಅವರಿಗೆ ಸೊಂಟ ನೋವೂ ಶುರುವಾಗಿತ್ತು. ಅಜ್ಜ ಹತ್ತಿರ ಬಂದ ಕೂಡಲೇ ಔಷಧಿ ಪೆಟ್ಟಿಗೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚುತ್ತಾರೆ ಎಂದು ಮಾವ ಮನೆಯಲ್ಲಿ ಹೇಳಿ ಪೇಚಾಡಿಕೊಳ್ಳುತ್ತಿದ್ದರು.

ಮಾವನ ನಿವೃತ್ತಿಗೆ ಒಂದು ವರ್ಷ ಇದೆ ಅನ್ನುವಾಗ ಜೀಪು ಅವರಿಗಿಂತ ಮೊದಲೇ ನಿವೃತ್ತಿಯಾಯಿತು. ತಳದ ಕಬ್ಬಿಣವೆಲ್ಲ ತುಕ್ಕು ತಿಂದು ಬೆರಳಿಟ್ಟರೆ ಉದುರುತ್ತಿತ್ತು. ಅದರ ಬದಲು ಕೇಂದ್ರಕ್ಕೆ ಬಂದದ್ದು ಬಿಳಿ ಬಣ್ಣದ ಹೊಸ ಗಾಡಿ. ಮಾವ ಮೊದಲು ಅದರ ಕೆಳಗೆ ಬಗ್ಗಿ ನೋಡಿದರು, ಎದ್ದು ಮಂಡಿಯ ಧೂಳು ಕೊಡವಿಕೊಂಡರು. ಮನೆಗೆ ಬಂದವರೇ ನನಗೆ ಹೇಳಿದ್ದು ಒಂದೇ ಮಾತು, "ಬೇರೆ ಮನೆ ಮಾಡಿದವನೇ ಬಂದಿದ್ದಾನೆ. ಹೋಗು, ಸಂತೋಷಪಡು."

ನಾನು ಸಂತೋಷಪಟ್ಟೆ, ಸುಳ್ಳು ಯಾಕೆ ಹೇಳಲಿ. ಆದರೆ ಗಾಡಿಯ ಜೊತೆ ಒಂದು ಚಿಂತೆಯೂ ಬಂತು. ಕೇಂದ್ರದ ಡಾಕ್ಟರಮ್ಮ ಮಾವನನ್ನು ಕರೆಸಿ, ಒಂದು ತಿಂಗಳು ನೋಡೋಣ ಎಂದಿದ್ದರು. ಹೊಸ ಗಾಡಿ ಆ ದಾರಿಗೆ ಆಗುವುದಿಲ್ಲ ಎಂದಾದರೆ ಗುರುವಾರದ ತಪಾಸಣೆಯನ್ನು ಬೆಟ್ಟದ ಬುಡಕ್ಕೆ ತರಬೇಕಾಗುತ್ತದೆ, ಮೇಲಿನವರೇ ಇಳಿದು ಬರಬೇಕಾಗುತ್ತದೆ. ಡಾಕ್ಟರಮ್ಮ ಕೆಟ್ಟವರಲ್ಲ, ಮೇಲಿನಿಂದ ಬಂದ ಸೂಚನೆಯನ್ನೇ ಹೇಳಿದ್ದರು. ಮಾವ ಆ ದಿನ ಊಟದಲ್ಲಿ ವಾದ ಮಾಡಲಿಲ್ಲ. ಮೂರು ಗಂಟೆ ನಡೆದು ಬಂದು ಮೂರು ಗಂಟೆ ಹತ್ತುವ ತುಂಬು ಬಸುರಿಯರನ್ನು ನೆನೆಸಿಕೊಂಡಿರಬೇಕು. ಕೈ ತೊಳೆಯುವಾಗ ಅತ್ತೆಗೆ, "ಗುರುವಾರ ನನ್ನ ಕೈಯಲ್ಲಿ ನಿಲ್ಲಬಾರದು ಕಣೇ" ಎಂದರು.

ಹೊಸ ಗಾಡಿಗೆ ಹೊಸ ಕೋಲು ಬೇಕಿತ್ತು. ಅದನ್ನು ನಾನೇ ಕತ್ತರಿಸಿಕೊಡುತ್ತೇನೆ ಎಂದೆ. ಗಾಡಿಯನ್ನು ಅಂಗಡಿಗೆ ತರಿಸಿ, ಸಮತಟ್ಟಾದ ಕಟ್ಟೆಯ ಮೇಲೆ ನಿಲ್ಲಿಸಿ, ಒಳಗಿದ್ದ ಸಾಮಾನನ್ನೆಲ್ಲ ಇಳಿಸಿ, ಚಕ್ರಗಳ ಗಾಳಿ ಸರಿ ನೋಡಿ, ನೆಲದಿಂದ ಅದರ ಬುರುಡೆಯ ತಳಕ್ಕೆ ಅಳೆದೆ. ಹದಿಮೂರು ಬೆರಳು. ಜೀಪಿಗಿಂತ ಎರಡು ಬೆರಳು ಹೆಚ್ಚು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಹನ್ನೊಂದು ವರ್ಷದ ವಾದವನ್ನು ಎರಡು ಬೆರಳಿನಲ್ಲಿ ಗೆದ್ದಿದ್ದೆ. ಕೋಲನ್ನು ಕತ್ತರಿಸಿ, ತುದಿಗಳನ್ನು ಉಜ್ಜಿ, ಎಣ್ಣೆ ಸವರಿ, ದೊಡ್ಡ ಪದಕ ಕೊಡುವವಳ ಹಾಗೆ ಅವರ ಕೈಗಿಟ್ಟೆ. ಅವರು ಹಳೆಯ ಕೋಲಿನ ಪಕ್ಕ ಅದನ್ನು ಹಿಡಿದು ಬಹಳ ಹೊತ್ತು ನೋಡಿದರು.

"ಗೂನಜ್ಜನ ಮೇಲೆ ನೇರ ಹೋಗಬಹುದಾ?" ಎಂದು ಕೇಳಿದರು.

"ಹೋಗಿ ಮಾವ, ಕಣ್ಣು ಮುಚ್ಕೊಂಡು ಹೋಗಿ" ಎಂದೆ. ಈ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಮೊದಲ ಬುಧವಾರ ಅವರೊಬ್ಬರೇ ಖಾಲಿ ಗಾಡಿಯಲ್ಲಿ ಹೋಗಿ ನೋಡಿಕೊಂಡು ಬಂದರು. ಇರುವೆ ನಡೆದ ಹಾಗೆ ನಡೆಸಿದರಂತೆ, ಅಜ್ಜನನ್ನು ನೇರವಾಗಿ, ಎಲ್ಲೂ ಮುಟ್ಟದೆ ದಾಟಿದರಂತೆ. ನರ್ಸಮ್ಮನ ಸೊಂಟಕ್ಕೆ ಒಳ್ಳೆಯ ಕಾಲ ಬಂತು ಎಂದರು. ನಾನು ಇಡೀ ಸಂಜೆ ಗುನುಗಿಕೊಂಡು ಓಡಾಡಿದೆ.

ಮರುದಿನ ಗಾಡಿಯಲ್ಲಿ ಏಳು ಜನ, ಎಲ್ಲ ಪೆಟ್ಟಿಗೆಗಳು, ತುಂಬಿದ ಟ್ಯಾಂಕು. ಕಾಲು ಮುರಿದು ವಾಸಿಯಾಗಿ ಮನೆಗೆ ಹೊರಟ ಒಬ್ಬ ಮುದುಕಿಯೂ ಇದ್ದರು. ಆಕೆಗೂ ನರ್ಸಮ್ಮನಿಗೂ ಕುಲುಕಬಾರದು ಎಂದು ಮಾವ ಕೋಲನ್ನು ನಂಬಿ ನೇರ ಬಿಟ್ಟರು. ಮೆಟ್ಟಿಲು ಇಳಿಯುವಾಗ ಎಂದಿನ ಹಾಗೆ ಬ್ರೇಕು ಒತ್ತಿದರು. ಗಾಡಿ ಮುಗ್ಗರಿಸಿದಂತೆ ಮುಂದಕ್ಕೆ ಬಾಗಿತು. ತಳದಲ್ಲಿ ಬಂಡಿ ಮುರಿದಂಥ ಸದ್ದು. ಬುರುಡೆ ಅಜ್ಜನ ಬೆನ್ನ ಮೇಲೆ ಕೂತುಬಿಟ್ಟಿತು, ಎಣ್ಣೆಯೆಲ್ಲ ಸೋರಿ ಕಲ್ಲಿನ ಮೇಲೆ ಹರಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದು ದೊಡ್ಡದು. ಮುದುಕಿಯನ್ನು ಗಾಡಿಯಲ್ಲೇ ಜೊತೆಗಿದ್ದ ಅವರ ಮೊಮ್ಮಗ ಬೆನ್ನ ಮೇಲೆ ಹೊತ್ತ. ದೊಡ್ಡ ಔಷಧಿ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಉಳಿದ ಎರಡು ಕಿಲೋಮೀಟರು ಹತ್ತಿದವರು ಐವತ್ತೊಂಬತ್ತು ವರ್ಷದ ನಮ್ಮ ಮಾವ. ತಪಾಸಣೆ ಎರಡು ಗಂಟೆ ತಡವಾಗಿ ನಡೆಯಿತು. ಆದರೆ ನಡೆಯಿತು.

ಶುಕ್ರವಾರ ಡಾಕ್ಟರಮ್ಮ ವರದಿ ಕೇಳಿದರು. ತಪ್ಪು ಗಾಡಿಯದೋ, ಓಡಿಸಿದವರದೋ, ಓಡಾಟದ ಪುಸ್ತಕದಲ್ಲಿ ಬರೆಯಿರಿ ಎಂದರು. ಗಾಡಿಯದಾದರೆ ಆ ದಾರಿ ಬಂದ್. ಓಡಿಸಿದವರದಾದರೆ ಊರೊಳಗೆ ಆಂಬುಲೆನ್ಸ್ ಓಡಿಸುವ ಇನ್ನೊಬ್ಬ ಡ್ರೈವರನ್ನು ಹಾಕುತ್ತಾರೆ, ಮಾವ ಉಳಿದ ತಿಂಗಳುಗಳನ್ನು ಕೇಂದ್ರದ ಬಾಗಿಲಲ್ಲಿ ಸ್ಟೂಲಿನ ಮೇಲೆ ಕಳೆಯಬೇಕು. ಸಂಜೆ ಏನು ಬರೆದಿರಿ ಎಂದು ಕೇಳಿದೆ. "ಆದದ್ದನ್ನ ಬರೆದೆ" ಎಂದರು, ಅಷ್ಟೆ.

ಗಾಡಿಯ ಮೇಲೆ ಹಾಕಿದ್ದಾರೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ನನ್ನ ಮೂಗಿನ ತುದಿಯ ಕೋಪ ಗೊತ್ತಿರುವವರಿಗೆ ಮುಂದಿನದು ಹೇಳಬೇಕಾಗಿಲ್ಲ. ನಿಮಗೆ ಆ ಗಾಡಿಯ ಮೇಲೆ ಮೊದಲಿಂದಲೂ ಕೆಂಗಣ್ಣು, ಎಲ್ಲೋ ರಭಸದಲ್ಲಿ ಇಳಿಸಿ ಈಗ ಚಕ್ರಗಳ ಮೇಲೆ ಗೂಬೆ ಕೂರಿಸುತ್ತಿದ್ದೀರಿ, ನಿಮ್ಮ ಹಠಕ್ಕೆ ಮೇಲಿನ ಊರಿನವರು ನಡೆಯಬೇಕು ಎಂದೆಲ್ಲ ಒದರಿದೆ. ಅತ್ತೆ ಕಣ್ಣಲ್ಲೇ ಸಾಕು ಸಾಕು ಎಂದರು. ನನಗೆ ಕಣ್ಣು ಕಾಣುವ ಸ್ಥಿತಿಯಿರಲಿಲ್ಲ. ಮಾವ ತಟ್ಟೆ ನೋಡಿಕೊಂಡೇ ಉಂಡರು, ಎದ್ದರು, ತಟ್ಟೆ ತೊಳೆದಿಟ್ಟು ಹೋಗಿ ಮಲಗಿದರು.

ಶನಿವಾರ ಟ್ರ್ಯಾಕ್ಟರಿಗೆ ಕಟ್ಟಿ ಗಾಡಿಯನ್ನು ನನ್ನ ಅಂಗಡಿಗೆ ತಂದು ಬಿಟ್ಟರು. ಕೇಂದ್ರದ ಗಾಡಿಗಳ ಮುಂಭಾಗದ ಕೆಲಸವೆಲ್ಲ ನನ್ನದೇ. ಮೇಲಕ್ಕೆತ್ತಿ ಕೆಳಗೆ ನಿಂತು ನೋಡಿದೆ. ಗಾಯ ಸರಿಯಾಗಿ ಬುರುಡೆಯ ತಳದಲ್ಲಿತ್ತು. ಎಡಕ್ಕೂ ವಾಲಿಲ್ಲ, ಬಲಕ್ಕೂ ಜಾರಿಲ್ಲ. ರಭಸದಿಂದ ಬಿದ್ದ ಗಾಯವೂ ಅಲ್ಲ. ನಾನು ಹೇಳಿದ ಜಾಗದಲ್ಲೇ, ನಾನು ಹೇಳಿದ ಹಾಗೇ ಹೋಗಿದ್ದಾರೆ.

ರಿಪೇರಿಗೆ ಬಂದ ಗಾಡಿಯ ಓಡಾಟದ ಪುಸ್ತಕದಲ್ಲಿ ನಾನು ಸಹಿ ಹಾಕಬೇಕು. ಕೇಂದ್ರದವರು ಗಾಡಿಯ ಜೊತೆ ಕಳಿಸಿದ್ದ ಪುಸ್ತಕ ತೆರೆದೆ. ಗುರುವಾರದ ಸಾಲಿನಲ್ಲಿ ಮಾವನ ದುಂಡು ಅಕ್ಷರಗಳಿದ್ದವು: 'ಗಾಡಿಯಲ್ಲಿ ದೋಷವಿಲ್ಲ. ದಾರಿಗೆ ಯೋಗ್ಯವಾಗಿದೆ. ಅಳತೆ ತಪ್ಪಿದ್ದು ಚಾಲಕನಾದ ನಾನು.' ಕೋಲಿನ ಮಾತಿಲ್ಲ. ಸೊಸೆಯ ಮಾತಂತೂ ಇಲ್ಲವೇ ಇಲ್ಲ. ನಾನು ಆ ಸಾಲನ್ನು ಇನ್ನೊಮ್ಮೆ ಓದಿದೆ. ಹಿಂದಿನ ದಿನ ನಾನು ಆಡಿದ ಮಾತುಗಳು ಒಂದೊಂದಾಗಿ ಬಂದು ನನ್ನ ಮುಖಕ್ಕೇ ರಾಚಿದವು.

ಮಧ್ಯಾಹ್ನ ನನ್ನ ಗಂಡ ಊಟದ ಡಬ್ಬಿ ತಂದರು. ಹೆಗಲ ಮೇಲೆ ಅಳತೆ ಟೇಪು ಹಾಗೇ ಇತ್ತು. ಅತ್ತಿದ್ದು ಮುಖದಲ್ಲೇ ಕಂಡಿರಬೇಕು, ವಿಷಯ ಕೇಳಿದರು. ಎಲ್ಲ ಹೇಳಿ, ಅಳತೆ ಸರಿಯಾಗೇ ತೆಗೆದಿದ್ದೆ, ಹೇಗೆ ತಪ್ಪಿತೋ ತಿಳಿಯುತ್ತಿಲ್ಲ ಎಂದೆ. ಅವರು ಗಾಡಿಯನ್ನು ಒಂದು ಸುತ್ತು ಬಂದು ನನ್ನನ್ನು ಕೇಳಿದರು, "ನಿಲ್ಲಿಸಿ ಅಳೆದೆಯೋ, ಕೂರಿಸಿ ಅಳೆದೆಯೋ?"

ಗಾಡಿಯನ್ನು ಕೂರಿಸುವುದೆಂದರೇನು ಎಂದು ರೇಗಿದೆ. ಅವರು ಸಮಾಧಾನವಾಗಿ ಹೇಳಿದರು. ಅಳತೆಗೆ ಬಂದವರೆಲ್ಲ ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗೆ ನಿಲ್ಲುತ್ತಾರೆ. ಅದನ್ನು ನಂಬಿ ಹೊಲಿದರೆ ಉಂಡು ಕೂತ ಕೂಡಲೇ ಗುಂಡಿ ಹಾರುತ್ತದೆ. ಅದಕ್ಕೇ ಅವರು ಎಲ್ಲರನ್ನೂ ಒಮ್ಮೆ ಕುರ್ಚಿಯಲ್ಲಿ ಕೂರಿಸಿ ಇನ್ನೊಮ್ಮೆ ಅಳೆಯುತ್ತಾರಂತೆ.

ಸೈಕಲ್ಲು ತಳ್ಳಿಕೊಂಡು ಹೋಗುವ ಮನುಷ್ಯ ನನ್ನ ತಪ್ಪನ್ನು ಹಿಡಿದುಕೊಟ್ಟಿದ್ದರು. ನನ್ನ ಕಸುಬಿನಲ್ಲಿ ಗಾಡಿ ಖಾಲಿಯೇ ಇರಬೇಕು, ಖಾಲಿ ಗಾಡಿಯಲ್ಲೇ ಚಕ್ರ ಸರಿ ಮಾಡುವುದು. ಕೈ ಆ ರೂಢಿಯಲ್ಲೇ ಹೋಗಿತ್ತು. ಒಂಟಿ ಅಚ್ಚಿನಲ್ಲಿ ಬುರುಡೆ ಚಕ್ರಗಳ ಜೊತೆ ಇರುತ್ತದೆ. ಇದರಲ್ಲಿ ಅದನ್ನು ಮೇಲೆ, ಗಾಡಿಯ ಮೈಗೆ ಕಟ್ಟಿರುತ್ತಾರೆ. ಮೈ ತಗ್ಗಿದಷ್ಟೂ ಅದೂ ತಗ್ಗುತ್ತದೆ. ಇದು ನನಗೆ ಗೊತ್ತಿರದ ಸಂಗತಿಯಲ್ಲ, ಬಂದವರಿಗೆಲ್ಲ ಪಾಠ ಮಾಡುತ್ತಿದ್ದವಳು ನಾನೇ. ಎರಡು ಬೆರಳು ಹೆಚ್ಚು ಕಂಡ ಕೂಡಲೇ ಎಲ್ಲ ಮರೆತಿದ್ದೆ.

ಸಂಜೆ ಮಾವನನ್ನು ಅಂಗಡಿಗೆ ಕರೆದೆ. ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟೆ. "ಕೋಲು ನಂದು ಅಂತ ಯಾಕೆ ಬರೀಲಿಲ್ಲ?" ಎಂದು ಕೇಳಿದೆ.

ಅವರು ಸ್ಟೂಲು ಎಳೆದುಕೊಂಡು ಕೂತರು. "ಬ್ರೇಕಿನ ಮೇಲಿದ್ದ ಕಾಲು ನಂದಲ್ವೇನಮ್ಮ" ಎಂದರು. ಮತ್ತೆ ಅವರೇ ಹೇಳಿದರು, "ಗಾಡಿ ಸರಿಯಿಲ್ಲ ಅಂದ್ರೆ ಗುರುವಾರವೇ ಹೋಗುತ್ತೆ. ನಾನು ಸರಿಯಿಲ್ಲ ಅಂದ್ರೆ ನಾನೊಬ್ಬ ಹೋಗ್ತೀನಿ. ಯಾವುದು ವಾಸಿ, ನೀನೇ ಹೇಳು."

ಹನ್ನೊಂದು ವರ್ಷ ಬೈದುಕೊಂಡು ಬಂದ ಬಗೆಯ ಗಾಡಿಗೆ ದೋಷವಿಲ್ಲ ಎಂದು ಬರೆದುಕೊಟ್ಟು, ತಮ್ಮ ಗುರುವಾರವನ್ನು ಬೇರೆಯವರ ಕೈಗೆ ಕೊಡಲು ಅವರು ತಯಾರಾಗಿದ್ದರು. ನಾನು ತಪ್ಪಾಯಿತು ಎಂದೆ. ಗೋಡೆ ನೋಡಿಕೊಂಡು ಹೇಳಲಿಲ್ಲ, ಮುಖ ನೋಡಿಯೇ ಹೇಳಿದೆ. ಅವರು, ಆಗಲಿ ಬಿಡು, ಎಣ್ಣೆ ಸೋರುವುದು ನಿಂತಿತಾ ನೋಡು ಎಂದರು.

ಭಾನುವಾರ, ಸೋಮವಾರ ಎರಡು ದಿನವೂ ದುಡಿದು ಗಾಡಿ ಸರಿ ಮಾಡಿದೆ. ಮಂಗಳವಾರ ಸಂಜೆ ಅಂಗಡಿಯ ಮುಂದೆ ಊರೇ ನೋಡುವಂಥ ಅಳತೆ ನಡೆಯಿತು. ಟ್ಯಾಂಕು ತುಂಬಿಸಿದೆವು. ಅತ್ತೆ, ನರ್ಸಮ್ಮ, ಪಕ್ಕದ ಬೀಗದಂಗಡಿಯವರು, ಅವರ ಹೆಂಡತಿ, ಎದುರಿನ ಗಡಿಯಾರದವರು, ಮಾವ, ಒಟ್ಟು ಏಳಾಗಲು ಒಬ್ಬ ದಾರಿಹೋಕರೂ ಹತ್ತಿ ಕೂತರು. ಪೆಟ್ಟಿಗೆಗಳ ಬದಲು ಮರಳಿನ ಚೀಲ. ಹದಿಮೂರು ಹತ್ತಕ್ಕೆ ಇಳಿಯಿತು. ಆಮೇಲೆ ಮಾವ ಮೆಲ್ಲಗೆ ಗಾಡಿ ಬಿಟ್ಟು ಗಕ್ಕನೆ ಬ್ರೇಕು ಒತ್ತಿದರು. ಗಾಡಿ ನಿಲ್ಲುವ ಜಾಗದಲ್ಲಿ, ಬುರುಡೆಯ ಕೆಳಗೆ ಬರುವಂತೆ, ನಾನು ಮೆತ್ತನೆಯ ಜೇಡಿಮಣ್ಣಿನ ಗುಡ್ಡೆ ಮಾಡಿಟ್ಟಿದ್ದೆ. ಅದರ ತಲೆ ಚಪ್ಪಟೆಯಾಯಿತು. ಅಳೆದರೆ ಎಂಟು ಬೆರಳು. ಹದಿಮೂರೆಲ್ಲಿ, ಎಂಟೆಲ್ಲಿ. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, ಇಳಿಯಬಹುದಾ, ಇನ್ನೂ ಉಣ್ಣಬೇಕಾ ಎಂದು ಕೇಳಿದರು.

ಎಂಟು ಬೆರಳಿನ ಕೋಲು ಕತ್ತರಿಸಿದೆ. ಎಣ್ಣೆ ಸವರಲಿಲ್ಲ, ಪದಕದ ಗತ್ತೂ ಇರಲಿಲ್ಲ. ಓಡಾಟದ ಪುಸ್ತಕದಲ್ಲಿ ಮಾವನ ಸಾಲಿನ ಕೆಳಗೆ, ಅಳತೆಕೋಲು ಕತ್ತರಿಸಿಕೊಟ್ಟವಳು ನಾನು, ಖಾಲಿ ಗಾಡಿಯಲ್ಲಿ ಅಳೆದದ್ದೇ ತಪ್ಪು ಎಂದು ಬರೆದು ಅಂಗಡಿಯ ಮುದ್ರೆ ಒತ್ತಿದೆ. ಬುಧವಾರ ಬೆಳಿಗ್ಗೆ ಪುಸ್ತಕವನ್ನೂ ಎರಡು ಕೋಲುಗಳನ್ನೂ ಹಿಡಿದು ಡಾಕ್ಟರಮ್ಮನ ಮುಂದೆ ಹೋಗಿ ನಿಂತೆ. ಅವರು ಎರಡೂ ಸಾಲುಗಳನ್ನು ಓದಿದರು. ಈ ಮನೆಯಲ್ಲಿ ತಪ್ಪಿಗೆ ಇಷ್ಟು ಜನ ಮುಂದೆ ಬರುತ್ತಾರಲ್ಲ ಎಂದು ನಕ್ಕರು. ನಾಳೆ ನಾನೂ ಬರುತ್ತೇನೆ, ನಿಮ್ಮ ಮಾವನೇ ಓಡಿಸಲಿ, ಮುಟ್ಟದೆ ದಾಟಿದರೆ ಹಾಗೇ ಮುಂದುವರಿಯಲಿ ಎಂದರು. ದಾಟದಿದ್ದರೆ ಏನು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗುರುವಾರ ಅಂಗಡಿ ಮುಚ್ಚಿ ನಾನೂ ಹೊರಟೆ. ಮುಂದೆ ಡಾಕ್ಟರಮ್ಮ, ಹಿಂದೆ ನರ್ಸಮ್ಮ, ನಾನು, ಇನ್ನೂ ಮೂರು ಜನ, ಪೆಟ್ಟಿಗೆಗಳು. ಏಳು ಕಿಲೋಮೀಟರು ಹತ್ತಿದೆವು. ಗೂನಜ್ಜನ ಮೆಟ್ಟಿಲು ಬಂತು. ಕಲ್ಲಿನ ಮೇಲೆ ಹಿಂದಿನ ವಾರದ ಎಣ್ಣೆಯ ಕಲೆ ಇನ್ನೂ ಕಪ್ಪಗಿತ್ತು. ಮಾವ ಗಾಡಿ ನಿಲ್ಲಿಸಿದರು, ಸೀಟಿನ ಕೆಳಗೆ ಕೈ ಹಾಕಿ ಎಂಟು ಬೆರಳಿನ ಕೋಲನ್ನು ತೆಗೆದರು. ಆದರೆ ಇಳಿಯಲಿಲ್ಲ. ಹಿಂದಕ್ಕೆ ತಿರುಗಿ ಕೋಲನ್ನು ನನ್ನ ಕಡೆಗೆ ಚಾಚಿದರು.

"ನೀನು ಇಳಿದು ನೋಡು" ಎಂದರು. "ನೀನು ಹೇಳಿದ ಹಾಗೆ ಹೋಗ್ತೀನಿ."

ಒಮ್ಮೆ ನನ್ನ ಮಾತು ಕೇಳಿ ಗುರುವಾರವನ್ನೇ ಕಳೆದುಕೊಳ್ಳುವುದರಲ್ಲಿದ್ದ ಮನುಷ್ಯ, ಡಾಕ್ಟರಮ್ಮನ ಎದುರಿಗೇ, ಮತ್ತೆ ನನ್ನ ಮಾತು ಕೇಳುತ್ತಿದ್ದರು. ಇಳಿದು ಕೋಲನ್ನು ಅಜ್ಜನ ಪಕ್ಕ ನಿಲ್ಲಿಸಿದೆ. ಕಲ್ಲು ಕೋಲಿಗಿಂತ ನಾಲ್ಕು ಬೆರಳು ಎತ್ತರ.

"ನೇರ ಬೇಡ ಮಾವ. ಎಡಚಕ್ರ ಹತ್ತಿಸಿ, ನೀವು ಯಾವಾಗಲೂ ಹತ್ತಿಸ್ತಿದ್ದ ಹಾಗೇ. ಇಳಿಯೋವಾಗ ಬ್ರೇಕ್ ಮುಟ್ಟಬೇಡಿ, ಗೇರಿನಲ್ಲೇ ಬಿಡಿ."

ಅವರು ತಲೆಯಾಡಿಸಿದರು. ನಾನು ದಾರಿಯ ಬದಿಯಲ್ಲಿ ಕಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗಿ ಗಾಡಿಯ ಕೆಳಗೇ ಕಣ್ಣು ನೆಟ್ಟೆ. ಗಾಡಿ ಮೆಟ್ಟಿಲು ಇಳಿಯಿತು. ಎಡಚಕ್ರ ಒಂದೇ, ತನ್ನ ತೋಳನ್ನು ಮಡಿಸಿಕೊಂಡು, ಅಜ್ಜನ ಬೆನ್ನು ಹತ್ತಿತು. ಬಲಚಕ್ರ ತನ್ನ ಪಾಡಿಗೆ ತಾನು ನೆಲ ಹಿಡಿದುಕೊಂಡಿತ್ತು. ಬುರುಡೆ ಕಲ್ಲಿನ ಪಕ್ಕದಲ್ಲಿ ಎರಡು ಬೆರಳು ಜಾಗ ಬಿಟ್ಟು, ಮುಟ್ಟದೆ, ಆಚೆಗೆ ಹೋಯಿತು. ಹಿಂದಿನ ಚಕ್ರವೂ ಹತ್ತಿ ಇಳಿಯಿತು. ನಾನು ಎದ್ದು ಕೂತು ಸುಮ್ಮನೆ ನಕ್ಕೆ.

ಗಾಡಿ ಹತ್ತಿದರೆ ನರ್ಸಮ್ಮ ಇನ್ನೂ ಕಣ್ಣು ಮುಚ್ಚಿ ಪೆಟ್ಟಿಗೆ ತಬ್ಬಿಕೊಂಡೇ ಇದ್ದರು. ಅಜ್ಜ ಬಂದನಾ ಎಂದು ಕೇಳಿದರು. ಹಿಂದೆ ಹೋದ ಎಂದೆ. ಅವರು ಒಂದು ಕಣ್ಣು ತೆರೆದು ತಮ್ಮ ಭುಜ ಮುಟ್ಟಿ ನೋಡಿಕೊಂಡರು. ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ, ಬೇರೆ ಮನೆ ಮಾಡಿದರೂ ಹುಡುಗರು ತಕ್ಕಮಟ್ಟಿಗೆ ಒಳ್ಳೆಯವರೇ ಎಂದರು. ಹನ್ನೊಂದು ವರ್ಷಕ್ಕೆ ಅಷ್ಟು ಸಿಕ್ಕಿದ್ದೇ ನನಗೆ ಬೇಕಾದಷ್ಟಾಯಿತು. ದಾರಿ ಮಾತ್ರ ನಿಮ್ಮ ಒಟ್ಟು ಕುಟುಂಬದ್ದೇ ಎಂದು ನಾನೂ ಒಪ್ಪಿಕೊಂಡೆ.

ಮೇಲಿನ ಊರಿನ ಶಾಲೆಯ ಗೋಡೆಗೆ ಒರಗಿ ಜನ ಕಾದಿದ್ದರು. ಗಾಡಿಯ ಬಣ್ಣ ಬೇರೆಯಾದರೂ, "ಗುರುವಾರದಣ್ಣ ಬಂದ" ಎಂದು ಯಾರೋ ಕೂಗಿದರು. ಹಿಂದಿನ ವಾರದ ಮುದುಕಿ ಕೋಲೂರಿಕೊಂಡು ಮುಂದೆ ಬಂದು, ಇವತ್ತು ಪೆಟ್ಟಿಗೆ ಹೊರಲಿಲ್ಲವಾ ಎಂದು ಮಾವನನ್ನು ಕಿಚಾಯಿಸಿದರು.

ಪೆಟ್ಟಿಗೆ ಇಳಿಸುವಾಗ ಡಾಕ್ಟರಮ್ಮನ ಚಪ್ಪಲಿಗೆ ಸೀಟಿನ ಕೆಳಗಿಂದ ಇನ್ನೊಂದು ಕೋಲು ಉರುಳಿ ಬಂದು ತಾಗಿತು. ಅದು ಹದಿಮೂರು ಬೆರಳಿನದು. ಹಿಂದಿನ ದಿನ ನಾನು ಅಂಗಡಿಯ ಮೂಲೆಗೆಸೆದಿದ್ದ ಅದು ಮತ್ತೆ ಗಾಡಿಗೆ ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಇದು ತಪ್ಪು ಅಳತೆಯದಲ್ಲವಾ, ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಅವರು ಮಾವನನ್ನು ಕೇಳಿದರು.

ಮಾವ ಅದನ್ನು ಕೈಗೆ ತೆಗೆದುಕೊಂಡು ಧೂಳು ಒರೆಸಿದರು. "ನಮ್ಮ ಸೊಸೆ ಮಾಡಿಕೊಟ್ಟಿದ್ದು ಡಾಕ್ಟರಮ್ಮ. ತುದಿ ಎಷ್ಟು ಚೆನ್ನಾಗಿ ಉಜ್ಜಿದ್ದಾಳೆ ನೋಡಿ. ಬಿಸಾಡೋಕೆ ಮನಸ್ಸು ಬರ್ಲಿಲ್ಲ."

ಆ ಕೋಲನ್ನು ಅವರು ಸೀಟಿನ ಕೆಳಗೆ, ಎಂಟು ಬೆರಳಿನದರ ಪಕ್ಕದಲ್ಲೇ ಇಟ್ಟರು. ನಾನು ತೂಕದ ಯಂತ್ರ ಎತ್ತಿಕೊಂಡು, ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ, ಶಾಲೆಯ ಕಡೆ ನಡೆದೆ.